ಇಂಕ್‌ಸ್ಕೇಪ್: ಬಿಟ್‌ಮ್ಯಾಪ್ ಮತ್ತು ವೆಕ್ಟರ್ ಚಿತ್ರಗಳ ನಡುವೆ ಹಲವು ವರ್ಷಗಳ ಬಳಕೆ

ಲಾಂಛನ, ರೇಖಾಚಿತ್ರ, ಭಿತ್ತಿಪತ್ರ ಮತ್ತು ಪುಸ್ತಕದ ನಕ್ಷೆಗಳ ಕೆಲಸಕ್ಕೆ ನಾನು 0.91ನೆಯ ಆವೃತ್ತಿಯ ಕಾಲದಿಂದಲೂ ಇಂಕ್‌ಸ್ಕೇಪ್ ಬಳಸುತ್ತಿದ್ದೇನೆ; ಛಾಯಾಚಿತ್ರಗಳನ್ನು ತಿದ್ದುವುದಿದ್ದರೆ ಗಿಂಪ್ ತೆರೆಯುತ್ತೇನೆ. ಎರಡೂ ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶಗಳು. ಇಲ್ಲಿ ಹೇಳಹೊರಟಿರುವುದು ಮುಖ್ಯವಾಗಿ ಇಂಕ್‌ಸ್ಕೇಪ್ ಬಗ್ಗೆ, ಅದರಲ್ಲೂ ಬಿಟ್‌ಮ್ಯಾಪ್ (ಪಿಕ್ಸೆಲ್ ಎಂಬ ಬಣ್ಣದ ಚುಕ್ಕೆಗಳಿಂದಾದ ಚಿತ್ರ) ಮತ್ತು ವೆಕ್ಟರ್ (ಗೆರೆ, ಆಕೃತಿಗಳ ವಿವರಣೆಯಿಂದಾದ ಚಿತ್ರ) ಒಂದೇ ಕಡತದಲ್ಲಿ ಕೂಡಿಕೊಳ್ಳುವ ಸಂದರ್ಭದ ಬಗ್ಗೆ. ಏಕೆಂದರೆ ತೊಡಕುಗಳಲ್ಲಿ ಬಹುಪಾಲು ಹುಟ್ಟುವುದು ಅಲ್ಲಿಯೇ.

ಎ4 ಅಳತೆಯ ಪುಟವೊಂದನ್ನು ಇಂಚಿಗೆ 300 ಪಿಕ್ಸೆಲ್‌ಗಳಂತೆ ಬಿಟ್‌ಮ್ಯಾಪ್ ಆಗಿಸಿದರೆ ಅದು 2480 × 3508 ಪಿಕ್ಸೆಲ್‌ಗಳಾಗುತ್ತದೆ; ಪ್ರತಿ ಪಿಕ್ಸೆಲ್‌ಗೆ ಮೂರು ಬೈಟ್‌ಗಳಂತೆ ಲೆಕ್ಕ ಹಾಕಿದರೆ, ಸಂಕುಚಿಸುವ ಮೊದಲು ಸುಮಾರು 26 ಮೆಗಾಬೈಟ್. ಅದೇ ಪುಟದಲ್ಲಿ ಒಂದು ವೃತ್ತ ಮಾತ್ರ ಇದ್ದರೆ ವೆಕ್ಟರ್ ಕಡತಕ್ಕೆ ಬೇಕಾಗುವುದು ಕೇಂದ್ರ, ತ್ರಿಜ್ಯ ಮತ್ತು ಬಣ್ಣವನ್ನು ಹೇಳುವ ಒಂದು ಸಾಲು. ಇಂಕ್‌ಸ್ಕೇಪ್ ಉಳಿಸುವ ಎಸ್‌ವಿಜಿ ಕಡತವನ್ನು ಸಾಮಾನ್ಯ ಪಠ್ಯ ಸಂಪಾದಕದಲ್ಲಿ ತೆರೆದು ಆ ಸಾಲನ್ನು ಕಣ್ಣಾರೆ ಓದಬಹುದು, ಬೇಕಿದ್ದರೆ ಅಲ್ಲಿಯೇ ತಿದ್ದಲೂಬಹುದು. ಈ ಪಾರದರ್ಶಕತೆಯೇ ನನ್ನನ್ನು ಈ ತಂತ್ರಾಂಶದಲ್ಲಿ ಹಿಡಿದಿಟ್ಟಿರುವ ಮೊದಲ ಕಾರಣ.

ಹೆಚ್ಚಿನವರು ಇಂಕ್‌ಸ್ಕೇಪ್‌ಗೆ ಬರುವುದು ಒಂದೇ ಆಸೆಯಿಂದ: ಕೈಯಲ್ಲಿರುವ ಮಸುಕಾದ ಜೆಪಿಜಿ ಲಾಂಛನವನ್ನು ಒಂದು ಗುಂಡಿ ಒತ್ತಿ ವೆಕ್ಟರ್ ಮಾಡಿಕೊಳ್ಳಬೇಕು. ಅದಕ್ಕೆಂದು ಇರುವ ‘ಟ್ರೇಸ್ ಬಿಟ್‌ಮ್ಯಾಪ್’ ಸೌಲಭ್ಯ ಪೊಟ್ರೇಸ್ ಎಂಬ ಉಪಕರಣವನ್ನು ಆಧರಿಸಿದೆ, ಮತ್ತು ಕಪ್ಪು-ಬಿಳುಪಿನ ಸ್ವಚ್ಛ ರೇಖಾಚಿತ್ರಗಳಲ್ಲಿ ಅದರ ಕೆಲಸ ನಿಜಕ್ಕೂ ಉತ್ತಮವಾಗಿದೆ. ಆದರೆ ಅದು ಮಾಡುವುದು ಊಹೆ. ಚಿತ್ರದಲ್ಲಿ ಯಾವುದು ಅಂಚು, ಯಾವುದು ಕಲೆ ಎಂಬುದು ಅದಕ್ಕೆ ತಿಳಿಯದು. ಜೆಪಿಜಿ ಸಂಕೋಚನವು ಚಿತ್ರವನ್ನು 8 × 8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ಕೆಲಸ ಮಾಡುವುದರಿಂದ ಅಕ್ಷರಗಳ ಅಂಚಿನ ಸುತ್ತ ಬೂದು ಬಣ್ಣದ ಕಲೆಗಳು ಉಳಿಯುತ್ತವೆ. ಟ್ರೇಸ್ ಮಾಡಿದಾಗ ಆ ಕಲೆಗಳೆಲ್ಲ ನಿಷ್ಠೆಯಿಂದ ಉಬ್ಬುತಗ್ಗುಗಳಾಗಿ ಮೂಡಿಬರುತ್ತವೆ. ಆದ್ದರಿಂದ ಚಿತ್ರವನ್ನು ಮೊದಲು ಗಿಂಪ್‌ನಲ್ಲಿ ಎರಡು-ಮೂರು ಪಟ್ಟು ಹಿಗ್ಗಿಸಿ, ತುಸು ಮಸುಕಾಗಿಸಿ, ನಂತರ ‘ಥ್ರೆಶೋಲ್ಡ್’ ಹಾಕಿ ಶುದ್ಧ ಕಪ್ಪು-ಬಿಳುಪಿಗೆ ತಂದು, ಆಮೇಲೆ ಇಂಕ್‌ಸ್ಕೇಪ್‌ಗೆ ಕೊಡುವುದು ನನ್ನ ರೂಢಿ. ಫಲಿತಾಂಶದಲ್ಲಿ ಕಾಣುವ ವ್ಯತ್ಯಾಸಕ್ಕೆ ಹೋಲಿಸಿದರೆ ಈ ಶ್ರಮ ಏನೇನೂ ಅಲ್ಲ.

ಇನ್ನೊಂದು ಸಂಗತಿ ಹೊಸಬರನ್ನು ಖಂಡಿತ ಗೊಂದಲಕ್ಕೆ ತಳ್ಳುತ್ತದೆ. ಟ್ರೇಸ್ ಆದ ವೆಕ್ಟರ್ ಚಿತ್ರ ಮೂಲ ಬಿಟ್‌ಮ್ಯಾಪ್‌ನ ಮೇಲೆಯೇ, ಕರಾರುವಾಕ್ಕಾಗಿ ಅದೇ ಜಾಗದಲ್ಲಿ ಕೂರುವುದರಿಂದ ಪರದೆಯ ಮೇಲೆ ಏನೂ ಆಗದಂತೆಯೇ ಕಾಣುತ್ತದೆ. ಮೇಲಿನದನ್ನು ಪಕ್ಕಕ್ಕೆ ಎಳೆದು ನೋಡಬೇಕು, ಕೆಳಗಿನ ಮೂಲವನ್ನು ಅಳಿಸಬೇಕು. ಇಲ್ಲವಾದರೆ ‘ವೆಕ್ಟರ್’ ಎಂದು ಕಳುಹಿಸಿದ ಕಡತದೊಳಗೆ ಹಳೆಯ ಬಿಟ್‌ಮ್ಯಾಪ್ ಕೂಡ ಹಾಗೆಯೇ ಪಯಣಿಸುತ್ತದೆ.

ಟ್ರೇಸ್ ಮುಗಿದ ಮೇಲೆ ನೋಡ್ ಉಪಕರಣವನ್ನು ಆರಿಸಿ, ಒಂದು ವಕ್ರರೇಖೆಯ ಮೇಲೆ ಎಷ್ಟು ನೋಡ್‌ಗಳು, ಅಂದರೆ ರೇಖೆಯ ಆಕಾರವನ್ನು ಹಿಡಿದಿಡುವ ಬಿಂದುಗಳು, ಇವೆ ಎಂದು ಗಮನಿಸಿ. ಕೈಯಿಂದ ಎಳೆದರೆ ನಾಲ್ಕು ನೋಡ್‌ಗಳಲ್ಲಿ ಮುಗಿಯುವ ವೃತ್ತದ ಮೇಲೆ ಹಲವು ಪಟ್ಟು ಹೆಚ್ಚು ನೋಡ್‌ಗಳು ಮುತ್ತಿಕೊಂಡಿರುವುದುಂಟು. ‘ಸಿಂಪ್ಲಿಫೈ’ ಆಜ್ಞೆ ಅವುಗಳನ್ನು ಕಡಿಮೆ ಮಾಡುತ್ತದೆ. ಬೇಗ ಬೇಗನೆ ಮತ್ತೆ ಮತ್ತೆ ಒತ್ತಿದಷ್ಟೂ ಅದರ ತೀವ್ರತೆ ಏರುತ್ತದೆ, ಆಗ ಚೂಪಾದ ಮೂಲೆಗಳೂ ಕರಗಿಹೋಗುತ್ತವೆ. ಲಾಂಛನ ಮುಖ್ಯವಾದದ್ದಾದರೆ ಬಿಟ್‌ಮ್ಯಾಪ್ ಅನ್ನು ಕೆಳಗಿನ ಲೇಯರ್‌ನಲ್ಲಿ (ಪದರದಲ್ಲಿ) ಬೀಗ ಹಾಕಿಟ್ಟು, ವಕ್ರರೇಖೆ ಎಳೆಯುವ ಬೆಜಿಯರ್ ಉಪಕರಣದಿಂದ ಕೈಯಾರೆ ಎಳೆಯುವುದೇ ಲೇಸು ಎಂಬುದು ನನ್ನ ದೃಢ ಅಭಿಪ್ರಾಯ. ವಕ್ರರೇಖೆ ದಿಕ್ಕು ಬದಲಿಸುವೆಡೆ ಮಾತ್ರ ನೋಡ್ ಇಟ್ಟು, ಉಳಿದದ್ದನ್ನು ನೋಡ್‌ನಿಂದ ಹೊರಟು ರೇಖೆಯನ್ನು ಬಾಗಿಸುವ ಹ್ಯಾಂಡಲ್‌ಗಳಿಗೆ ಬಿಟ್ಟರೆ ರೇಖೆಗೆ ಬರುವ ನಯ ಯಾವ ಟ್ರೇಸ್‌ನಿಂದಲೂ ಬರುವುದಿಲ್ಲ.

ಹಿಗ್ಗಿಸಿ-ಕುಗ್ಗಿಸಿದರೂ ವೆಕ್ಟರ್ ಕೆಡುವುದಿಲ್ಲ ಎಂಬ ಮಾತಿಗೂ ಒಂದು ಷರತ್ತಿದೆ. ಆಯ್ಕೆ ಉಪಕರಣದ ಪಟ್ಟಿಯಲ್ಲಿರುವ, ಸ್ಟ್ರೋಕ್‌ನ (ಆಕೃತಿಯ ಗೆರೆಯ) ದಪ್ಪವನ್ನೂ ಜೊತೆಗೆ ಹಿಗ್ಗಿಸಿ-ಕುಗ್ಗಿಸುವ ಸಣ್ಣ ಗುಂಡಿ ಆರಿದ್ದರೆ, ಚಿತ್ರವನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿದಾಗಲೂ 2 ಮಿಲಿಮೀಟರ್ ಗೆರೆ 2 ಮಿಲಿಮೀಟರ್ ಆಗಿಯೇ ಉಳಿದು ಲಾಂಛನ ಮಸಿಯ ಮುದ್ದೆಯಾಗುತ್ತದೆ. ಬೇರೆಯವರಿಗೆ ಕೊಡುವ ಪ್ರತಿಯಲ್ಲಿ ಗೆರೆಯನ್ನೇ ಆಕೃತಿಯಾಗಿಸುವ ‘ಸ್ಟ್ರೋಕ್ ಟು ಪಾತ್’ ಬಳಸಿದರೆ ಈ ಚಿಂತೆಯೇ ಇರುವುದಿಲ್ಲ.

ಛಾಯಾಚಿತ್ರವನ್ನು ಒಳಗೆ ತರುವಾಗ ಎಂಬೆಡ್ ಮಾಡಬೇಕೇ (ಕಡತದೊಳಗೇ ಸೇರಿಸಬೇಕೇ), ಲಿಂಕ್ ಮಾಡಬೇಕೇ (ಹೊರಗಿನ ಕಡತವನ್ನು ಬರೀ ಸೂಚಿಸಬೇಕೇ) ಎಂದು ಇಂಕ್‌ಸ್ಕೇಪ್ ಕೇಳುತ್ತದೆ. ಎಂಬೆಡ್ ಮಾಡಿದರೆ ಚಿತ್ರ ಪಠ್ಯರೂಪದ ಸಂಕೇತವಾಗಿ ಬದಲಾಗಿ ಅದು ಹಿಡಿಯುವ ಬೈಟ್‌ಗಳು ಮೂರನೇ ಒಂದರಷ್ಟು ಹೆಚ್ಚುತ್ತವೆ. ಲಿಂಕ್ ಮಾಡಿದರೆ ಚಿತ್ರದ ಕಡತ ಜಾಗ ಬದಲಿಸಿದ ಕೂಡಲೇ ಸಂಬಂಧ ಕಡಿದುಹೋಗುತ್ತದೆ. ಕೆಲಸ ನಡೆಯುವಾಗ ಲಿಂಕ್, ಒಪ್ಪಿಸುವಾಗ ಎಂಬೆಡ್ ಎಂಬುದು ನಾನು ಪಾಲಿಸುವ ಕ್ರಮ.

ಆವೃತ್ತಿಗಳ ಸಾಗುವಿಕೆಯನ್ನು ಮೆಚ್ಚಲೇಬೇಕು. 0.92ರಲ್ಲಿ ಇಂಚಿನ ಲೆಕ್ಕ 90ರಿಂದ 96 ಪಿಕ್ಸೆಲ್‌ಗಳಿಗೆ ಬದಲಾಗಿದ್ದು ಹಳೆಯ ಕಡತಗಳ ಅಳತೆಯ ಬಗ್ಗೆ ಎಚ್ಚರ ಬೇಡಿತು, 2020ರಲ್ಲಿ 1.0 ಬಂತು, 2022ರ 1.2ರಲ್ಲಿ ಒಂದೇ ಕಡತಕ್ಕೆ ಹಲವು ಪುಟಗಳು ಸಾಧ್ಯವಾದವು, 2023ರ 1.3ರಲ್ಲಿ ಬಂದ ‘ಶೇಪ್ ಬಿಲ್ಡರ್’ ಆಕೃತಿಗಳನ್ನು ಕೂಡಿಸಿ ಕಳೆಯುವ ಕೆಲಸವನ್ನು ಬಹಳ ಹಗುರಗೊಳಿಸಿತು. ಯೂನಿಕೋಡ್ ಫಾಂಟ್ ಇದ್ದರೆ ಕನ್ನಡದ ಒತ್ತಕ್ಷರಗಳೂ ಸರಿಯಾಗಿ ಕೂಡಿಕೊಳ್ಳುತ್ತವೆ.

ಕೊರತೆ ಕಾಣುವುದು ಮುದ್ರಣದ ಹಂತದಲ್ಲಿ. ಮಸುಕಿನಂಥ ಫಿಲ್ಟರ್ ಹಚ್ಚಿದ ಭಾಗಗಳು ಪಿಡಿಎಫ್ ಮಾಡುವಾಗ ಮತ್ತೆ ಬಿಟ್‌ಮ್ಯಾಪ್ ಆಗುತ್ತವೆ, ಹಾಗಾಗಿ ಅಲ್ಲಿ ಕೇಳುವ ರೆಸಲ್ಯೂಶನ್ ಅನ್ನು 300ಕ್ಕೆ ಏರಿಸುವುದು ಅಗತ್ಯ. ಬಣ್ಣಗಳ ವಿಷಯದಲ್ಲಿ, 1.4ರವರೆಗೂ ಪಿಡಿಎಫ್ ಹೊರಬರುವುದು ಪರದೆಗೆ ಬಳಸುವ ಕೆಂಪು-ಹಸಿರು-ನೀಲಿಯ ಆರ್‌ಜಿಬಿಯಲ್ಲೇ. ಮುದ್ರಣಾಲಯ ನಾಲ್ಕು ಮಸಿಗಳ ಲೆಕ್ಕದ ಸಿಎಂವೈಕೆ ಕೇಳಿದರೆ ಎಸ್‌ವಿಜಿಯನ್ನು ಪುಟವಿನ್ಯಾಸದ ತಂತ್ರಾಂಶವಾದ ಸ್ಕ್ರೈಬಸ್‌ನಲ್ಲಿ ತೆರೆದು, ಬಣ್ಣಗಳನ್ನು ಅಲ್ಲಿ ಒಂದೊಂದಾಗಿ ಗೊತ್ತುಪಡಿಸಿ, ಅಲ್ಲಿಂದ ಪಿಡಿಎಫ್ ತೆಗೆಯಬೇಕಾಗುತ್ತದೆ.