ಮುನ್ನೋಟ: ಎಣಿಸುವಂಥದ್ದೋ, ಮುಗಿಯದಂಥದ್ದೋ?

ಸಂಸ್ಥೆಗೆ ಮುನ್ನೋಟ (ವಿಷನ್), ಅಂದರೆ ಮುಂದೆ ಏನು ಸಾಧಿಸಬೇಕು ಅನ್ನುವ ಮಾತು, ಬರೆಯಲು ಕೂತಿದ್ದೀರಾ? ಸುಮ್ನೆ 'ನಂಬರ್ ಒನ್ ಆಗಬೇಕು' ಅಂತ ಬರೆಯುವ ಮೊದಲು ಈ ಎರಡು ಮುನ್ನೋಟಗಳನ್ನು ನೋಡಿ.

ಪ್ರತಿ ಮೇಜಿಗೂ, ಪ್ರತಿ ಮನೆಗೂ ಒಂದು ಕಂಪ್ಯೂಟರ್. ಇದು ಮೈಕ್ರೋಸಾಫ್ಟ್‌ನ ಮೊದಲ ಕನಸು. ಕಣ್ಣಿಗೆ ಕಟ್ಟುತ್ತದೆ, ಎಣಿಸಲೂಬಹುದು. ಆದರೆ ಶ್ರೀಮಂತ ದೇಶಗಳಲ್ಲಿ ಅದು ಬಹುತೇಕ ಈಡೇರಿತು. ಆಮೇಲೆ ಹೊಸ ಮಾತು ಹುಡುಕಬೇಕಾಯಿತು.

ಮದುರೈನ ಅರವಿಂದ ಕಣ್ಣಾಸ್ಪತ್ರೆಯದು ಬೇರೆ: ತಪ್ಪಿಸಬಹುದಾದ ಕುರುಡುತನ ಇರಲೇಬಾರದು. 1976ರಲ್ಲಿ ಡಾ. ಜಿ. ವೆಂಕಟಸ್ವಾಮಿ ಶುರು ಮಾಡಿದಾಗ ಇದ್ದದ್ದು 11 ಹಾಸಿಗೆ. ಆ ಒಂದು ಮಾತು ದಿನದ ಕೆಲಸವನ್ನೇ ತಿದ್ದಿತು. ಒಬ್ಬರ ಆಪರೇಷನ್ ನಡೆಯುವಾಗಲೇ ಪಕ್ಕದ ಮೇಜಿನಲ್ಲಿ ಇನ್ನೊಬ್ಬರು ಸಿದ್ಧ. ದುಡ್ಡು ಕೊಡುವವರಿಂದ ಬಂದದ್ದರಲ್ಲೇ ಬಡವರಿಗೂ ಚಿಕಿತ್ಸೆ. ಆಪರೇಷನ್‌ನಲ್ಲಿ ಕಣ್ಣೊಳಗೆ ಕೂರಿಸುವ ಲೆನ್ಸ್ ಜಾಸ್ತಿ ದುಬಾರಿ ಅಂತ 1992ರಲ್ಲಿ ಆರೋಲ್ಯಾಬ್ ಎಂಬ ತಯಾರಿಕಾ ಘಟಕ ಕಟ್ಟಿ ತಾವೇ ತಯಾರಿಸಿದರು.

ಹೊಸ ಸರಕು ತರುವವರಿಗೆ ಮೊದಲನೆಯದು ಸಾಕು. ಜನಸೇವೆಯ ಸಂಸ್ಥೆಗೆ ನಾನಂತೂ ಎರಡನೆಯದನ್ನೇ ಹೇಳುತ್ತೇನೆ.