4 ನಿಮಿಷ 20 ಸೆಕೆಂಡಿಗೆ ನಿಲ್ಲುತ್ತಿದ್ದ ಟಿವಿ: ಐಪಿ ಟಿವಿ ಜೊತೆ ಒಂದೂವರೆ ವರ್ಷ

ನಮ್ಮದು ವಿಜಯಪುರದ ಹಳೆಯ ಮಾಳಿಗೆ ಮನೆ. ಗೋಡೆ ಎರಡಡಿ ದಪ್ಪ, ಪೂರ್ತಿ ಕಲ್ಲಿನದು. ಏಪ್ರಿಲ್ ಬಿಸಿಲಲ್ಲೂ ಒಳಗೆ ತಂಪು. ಆದರೆ ವೈಫೈ ಆ ಗೋಡೆ ದಾಟುವುದಿಲ್ಲ. ಮಳೆ ಬಂದಾಗಲೆಲ್ಲ ಡಿಶ್ ಕೈಕೊಡುತ್ತಿತ್ತು. ಅದೇ ಬೇಜಾರಿಗೆ ಫೈಬರ್ ಇಂಟರ್ನೆಟ್ ಜೊತೆಗೇ ಐಪಿ ಟಿವಿಯನ್ನೂ, ಅಂದರೆ ಅದೇ ಇಂಟರ್ನೆಟ್ ತಂತಿಯಲ್ಲಿ ಬರುವ ಟಿವಿಯನ್ನೂ, ತೆಗೆದುಕೊಂಡೆ. ಕಂಪನಿ ಹೆಸರು ಬೇಡ. ತೊಂದರೆ ಅರ್ಧ ಅವರದು, ಅರ್ಧ ನನ್ನದು.

ಮೊದಲೇ ಹೇಳಿಬಿಡುತ್ತೇನೆ, ಇದು ಮೊಬೈಲ್ ಆ್ಯಪ್‌ನಲ್ಲಿ ನೋಡುವ ಟಿವಿ ಅಲ್ಲ. ಆ್ಯಪ್‌ನಲ್ಲಿ ನೋಡುವ ಪ್ರತಿಯೊಬ್ಬರಿಗೂ ಬೇರೆ ಬೇರೆ ಪ್ರತಿ ಬರುತ್ತದೆ. ಐಪಿ ಟಿವಿಯಲ್ಲಿ ಒಂದು ಚಾನೆಲ್ ಒಂದೇ ಹರಿವಾಗಿ ಬರುತ್ತದೆ. ಬೇಕಾದವರು ಅದಕ್ಕೆ ಸೇರಿಕೊಳ್ಳಬೇಕು, ಸಾಕಾದಾಗ ಬಿಡಬೇಕು. ಇದಕ್ಕೆ ಮಲ್ಟಿಕಾಸ್ಟ್ ಅಂತಾರೆ. ಹೀಗೆ ಸೇರುವ, ಬಿಡುವ ಮಾತುಕತೆಯನ್ನು ನಡೆಸುವುದು ಐಜಿಎಂಪಿ ಎಂಬ ನಿಯಮ. ಈ ಹೆಸರು ನೆನಪಿಟ್ಟುಕೊಳ್ಳಿ, ನನ್ನ ಮೂರು ವಾರ ಹಾಳಾಗಿದ್ದು ಇದರಿಂದಲೇ.

ಜೋಡಿಸಲು ಬಂದ ಹುಡುಗ ಫೈಬರ್ ಡಬ್ಬಿಯನ್ನು ಹೊರಗಿನ ಕೋಣೆಯಲ್ಲಿ ಹಾಕಿದ. ಟಿವಿ ಇರುವುದು ಒಳಗಿನ ಪಡಸಾಲೆಯಲ್ಲಿ. "ವೈಫೈ ಮ್ಯಾಲೆ ಆಗ್ತೈತ್ರಿ ಅವ್ವಾರ" ಅಂತ ಅವ್ವನಿಗೆ ಧೈರ್ಯ ಹೇಳಿ ಹೋದ. ಅವತ್ತು ಸಂಜೆಯೇ ಧಾರಾವಾಹಿಯವರ ಮುಖದ ಮೇಲೆಲ್ಲ ಚೌಕಗಳು. ಮಲ್ಟಿಕಾಸ್ಟ್ ವೈಫೈನಲ್ಲಿ ಹೋಗುವಾಗ ಸಾಮಾನ್ಯವಾಗಿ ತೀರಾ ಕಡಿಮೆ ವೇಗದಲ್ಲಿ ಹೋಗುತ್ತದೆ. ದಾರಿಯಲ್ಲಿ ಒಂದು ತುಣುಕು ಬಿದ್ದರೆ ಮತ್ತೆ ಕಳಿಸುವುದೂ ಇಲ್ಲ. ಅದರ ಮೇಲೆ ನಮ್ಮ ಕಲ್ಲುಗೋಡೆ ಬೇರೆ. 5 ಗಿಗಾಹರ್ಟ್ಸ್ ವೈಫೈ ಅಂತೂ ಬಾಗಿಲಲ್ಲೇ ಸತ್ತುಹೋಗುತ್ತಿತ್ತು.

ಆಮೇಲೆ ಕ್ಯಾಟ್ 5ಇ ಎಂಬ ನೆಟ್‌ವರ್ಕ್ ಕೇಬಲ್ ತಂದು, ಮಾಳಿಗೆ ಮೇಲೆ ಎಳೆದು, ಬೆಳಕಿಂಡಿಯಿಂದ ಪಡಸಾಲೆಗೆ ಇಳಿಸಿದೆ. 100 ಮೀಟರ್‌ವರೆಗೂ ಅದು ಸೆಕೆಂಡಿಗೆ ಒಂದು ಗಿಗಾಬಿಟ್ ಒಯ್ಯುತ್ತದೆ, ನಮಗೆ 20 ಮೀಟರ್ ಸಾಕಾಯಿತು. ಅದರ ತುದಿಗೆ ನನ್ನದೇ ರೌಟರ್. ಇಂಟರ್ನೆಟ್ ಮತ್ತು ಟಿವಿ ಎರಡೂ ಒಂದೇ ತಂತಿಯಲ್ಲಿ ಬರಬೇಕಾದ್ದರಿಂದ ಎರಡಕ್ಕೂ ಬೇರೆ ಬೇರೆ ವಿಲ್ಯಾನ್ ಸಂಖ್ಯೆ, ಅಂದರೆ ಒಂದೇ ತಂತಿಯೊಳಗೆ ಎರಡನ್ನೂ ಬೇರೆಯಾಗಿಡುವ ಗುರುತು, ಬೇಕು. ಸಹಾಯವಾಣಿಗೆ ಫೋನ್ ಮಾಡಿದರೆ "ಸರ್, ರೌಟರ್ ಆಫ್ ಮಾಡಿ ಆನ್ ಮಾಡಿ" ಅನ್ನುವುದರಿಂದಾಚೆ ಮಾತೇ ಇಲ್ಲ. ಕೊನೆಗೆ ಸಂಖ್ಯೆ ಕೊಟ್ಟಿದ್ದು ಕಂಬ ಹತ್ತಲು ಬಂದ ಲೈನ್‌ಮನ್. ರೌಟರ್‌ನ ಐಪಿ ಟಿವಿ ಪುಟದಲ್ಲಿ ಎರಡೂ ಸಂಖ್ಯೆ ಹಾಕಿ, ನಾಲ್ಕನೇ ಪೋರ್ಟನ್ನು ಟಿವಿಗೆ ಮೀಸಲಿಟ್ಟೆ. ಚಿತ್ರ ಗಾಜಿನಂತೆ ಬಂತು.

ಬಂದು, ನಿಂತಿತು. ಚಾನೆಲ್ ಬದಲಿಸಿ ವಾಪಸ್ ಬಂದರೆ ಮತ್ತೆ ಶುರು. ಸ್ವಲ್ಪ ಹೊತ್ತಿಗೆ ಮತ್ತೆ ನಿಲ್ಲುವುದು. ಅವ್ವನಿಗೆ ಅದೇ ಅಭ್ಯಾಸವಾಗಿಹೋಯಿತು. ಚಿತ್ರ ನಿಂತ ಕೂಡಲೇ ರಿಮೋಟ್‌ನಲ್ಲಿ ಒಂದು ಮೇಲೆ, ಒಂದು ಕೆಳಗೆ. "ನಿನ್ನ ಟಿವಿಗೆ ಆಗಾಗ ಎಬ್ಬಸಬೇಕ ನೋಡಪಾ" ಅಂದಳು. ಒಂದು ದಿನ ಸುಮ್ನೆ ಗಡಿಯಾರ ಹಿಡಿದು ಕೂತೆ. ಪ್ರತಿ ಸಲವೂ 4 ನಿಮಿಷ 20 ಸೆಕೆಂಡ್. ಕೇಬಲ್ ಲೂಸ್ ಇದ್ದರೆ ಹೀಗೆ ಹೊತ್ತು ನೋಡಿಕೊಂಡು ನಿಲ್ಲುವುದಿಲ್ಲ, ಅಲ್ವಾ?

ಕಾರಣ ಹೀಗಿತ್ತು. "ಈ ಚಾನೆಲ್ ಇನ್ನೂ ಯಾರಾದರೂ ನೋಡ್ತಿದ್ದೀರಾ?" ಅಂತ ಕಂಪನಿಯ ಕಡೆಯಿಂದ ಆಗಾಗ ಕೂಗು ಬರುತ್ತದೆ. ಐಜಿಎಂಪಿಯ ಮೂಲ ಲೆಕ್ಕದಲ್ಲಿ ಅದು 125 ಸೆಕೆಂಡಿಗೊಮ್ಮೆ. ಎರಡು ಕೂಗಿನ ಹೊತ್ತು, ಮೇಲೆ 10 ಸೆಕೆಂಡ್, ಒಟ್ಟು 260 ಸೆಕೆಂಡ್ ಆದರೂ ಉತ್ತರ ಕೇಳಿಸದಿದ್ದರೆ ಹರಿವು ಬಂದ್. 260 ಸೆಕೆಂಡ್ ಅಂದರೆ 4 ನಿಮಿಷ 20 ಸೆಕೆಂಡ್. ಕಂಪನಿಯವರು ಕೂಗುತ್ತಿದ್ದುದು ಐಜಿಎಂಪಿ 3ನೇ ಆವೃತ್ತಿಯಲ್ಲಿ, ನನ್ನ ರೌಟರ್ ಕೂತಿದ್ದು 2ರಲ್ಲಿ. ಹಾಗಾಗಿ ನಮ್ಮ ಉತ್ತರ ಅವರಿಗೆ ಮುಟ್ಟುತ್ತಿರಲಿಲ್ಲ. ಅದೇ ಪುಟದಲ್ಲಿ 2 ಇದ್ದದ್ದನ್ನು 3 ಮಾಡಿದೆ, ಅಷ್ಟೇ. ಅವತ್ತಿನಿಂದ ಒಮ್ಮೆಯೂ ಹಾಗೆ ನಿಂತಿಲ್ಲ. ಐಜಿಎಂಪಿ ಸ್ನೂಪಿಂಗ್ ಅನ್ನೋದನ್ನು ಮಾತ್ರ ಆಫ್ ಮಾಡಬೇಡಿ, ಚಾನೆಲ್ ಕೇಳಿದ ಕಡೆಗಷ್ಟೇ ಹರಿವು ಕಳಿಸುವುದು ಅದೇ. ನಾನು ಪರೀಕ್ಷೆಗೆಂದು ಆಫ್ ಮಾಡಿದಾಗ ಟಿವಿಯ ಹರಿವು ಮನೆಯ ವೈಫೈಗೂ ನುಗ್ಗಿ, ಮೊಬೈಲ್‌ಗಳೆಲ್ಲ ಮಂಕಾದವು.

ಮಳೆಗಾಲ ಆರಾಮಾಗಿ ಕಳೆಯಿತು. ಕರೆಂಟ್ ಹೋದರೆ ಮನೆಯ ಇನ್ವರ್ಟರ್ ಇದೆ. ಆದರೆ ಅದು ಬದಲಾಗುವ ಕ್ಷಣದಲ್ಲಿ ರೌಟರ್ ಬಿದ್ದು, ಎದ್ದು ಬರಲು ಮೂರು ನಿಮಿಷ ಬೇಕಿತ್ತು. ಫೈಬರ್ ಡಬ್ಬಿಗೊಂದು, ರೌಟರ್‌ಗೊಂದು 12 ವೋಲ್ಟ್ ಮಿನಿ ಯುಪಿಎಸ್ ಹಾಕಿದ ಮೇಲೆ ಆ ಕಾಟವೂ ಇಲ್ಲ. ಕೊಳ್ಳುವ ಮೊದಲು ಅಡಾಪ್ಟರ್ ಮೇಲೆ ಎಷ್ಟು ಆಂಪಿಯರ್ ಅಂತ ಬರೆದಿದೆ ನೋಡಿಕೊಳ್ಳಿ.

ದೂರು ಇಲ್ಲ ಅಂತಲ್ಲ. ಗಟಾರ ಅಗೆದಾಗ ಫೈಬರ್ ಕತ್ತರಿಸಿತು. ಎರಡು ದಿನ ಇಂಟರ್ನೆಟ್ಟೂ ಇಲ್ಲ, ಟಿವಿಯೂ ಇಲ್ಲ. ಎಲ್ಲವನ್ನೂ ಒಂದೇ ತಂತಿಗೆ ಕಟ್ಟಿದರೆ ಹೀಗೇ. ರಿಪೇರಿಗೆ ಬಂದವನು ಕೇಳದೇ ನನ್ನ ರೌಟರ್‌ನ ರೀಸೆಟ್ ಗುಂಡಿ ಒತ್ತಿಬಿಟ್ಟ, ಸೆಟ್ಟಿಂಗ್ ಎಲ್ಲ ಅಳಿಸಿತು. ಈಗ ಬ್ಯಾಕಪ್ ಫೈಲ್ ಇಟ್ಟಿದ್ದೇನೆ, ವಿಲ್ಯಾನ್ ಸಂಖ್ಯೆಗಳನ್ನು ಕಪಾಟಿನ ಬಾಗಿಲ ಒಳಗಡೆ ಬರೆದಿದ್ದೇನೆ. ಇನ್ನು ಕ್ರಿಕೆಟ್. ಪಕ್ಕದ ಮನೆಯ ಡಿಶ್‌ಗಿಂತ ನಮ್ಮದು ಕೆಲವು ಸೆಕೆಂಡ್ ಹಿಂದೆ. ವಿಕೆಟ್ ಬಿದ್ದ ಕೂಗು ಮೊದಲು ಗೋಡೆಯಾಚೆಯಿಂದ, ಆಮೇಲೆ ನಮ್ಮ ಟಿವಿಯಿಂದ. ಗೋಲಗುಂಬಜ್ ಊರಿನವರಿಗೆ ಪ್ರತಿಧ್ವನಿ ಹೊಸದಲ್ಲ ಬಿಡಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಚಿತ್ರಕ್ಕೆ ಪೂರ್ತಿ ಅಂಕ, ಸಹಾಯವಾಣಿಗೆ ಸೊನ್ನೆ. ಮುಂದಿನ ತಿಂಗಳು ಅಪ್ಪನ ಕೋಣೆಗೂ ಒಂದು ಸೆಟ್‌ಟಾಪ್ ಬಾಕ್ಸ್ ತರಬೇಕು. ಮೂರನೇ ಪೋರ್ಟ್ ಖಾಲಿ ಇದೆ. ಆ ಕೋಣೆಗೆ ಬೆಳಕಿಂಡಿ ಮಾತ್ರ ಇಲ್ಲ, ಗೋಡೆಗೆ ತೂತು ಹಾಕಿಸಲು ಅಪ್ಪ ಇನ್ನೂ ಒಪ್ಪಿಲ್ಲ.