ಮಗುವಿನ ಕೈಗೆ ಯಾವ ಕೋಲು? ಬ್ಲೂಗಿಲ್ ಮೀನಿಗೆ ಟೆಂಕಾರಾ, ಫ್ಲೈ ರಾಡ್, ಗುಂಡಿ ರೀಲ್

ಹುಳುವಿನಂತೆ ಕಟ್ಟಿದ ಹಗುರ ಕೊಕ್ಕೆಯಿಂದ (ಅದೇ ಫ್ಲೈ) ಮೀನು ಹಿಡಿಯುವ ಫ್ಲೈ ಫಿಶಿಂಗ್ ಕಲಿಯುವ ಮಗುವಿಗೆ ಅಮೆರಿಕದ ಸಿಹಿನೀರಿನ ಪುಟ್ಟ ಮೀನು ಬ್ಲೂಗಿಲ್‌ಗಿಂತ ಒಳ್ಳೆಯ ಗುರು ಸಿಗುವುದಿಲ್ಲ. ಟ್ರೌಟ್ ಮೀನು ಒಂದು ಕೆಟ್ಟ ಎಸೆತಕ್ಕೇ ಬೆದರಿ ಓಡುತ್ತದೆ. ಬ್ಲೂಗಿಲ್ ಬೆದರಿದರೂ ಸ್ವಲ್ಪ ಹೊತ್ತಿಗೆ ಏನದು ಎಂದು ನೋಡಲು ವಾಪಸು ಬರುತ್ತದೆ. ಇಲಿನಾಯ್, ಓಹಾಯೊ, ಮಿಷಿಗನ್ ಕಡೆಯ ತೋಟದ ಹೊಂಡಗಳಲ್ಲಿ, ಬಡಾವಣೆಗಳ ಹಿಂದಿನ ಕೆರೆಗಳಲ್ಲಿ ಇದು ತುಂಬಿಕೊಂಡಿದೆ. ಇಲಿನಾಯ್‌ಗೆ ಇದೇ ರಾಜ್ಯದ ಮೀನು. ಆ ಊರುಗಳಲ್ಲಿ ನೆಲೆಸಿರುವ ಕನ್ನಡದ ಮನೆಗಳವರು ಸಂಜೆ ಮಕ್ಕಳನ್ನು ಕರೆದುಕೊಂಡು ನಡೆದೇ ಹೋಗಬಹುದಾದ ಬೇಟೆ.

ಪ್ರಶ್ನೆ ಇರುವುದು ಕೈಗೆ ಏನು ಕೊಡಬೇಕು ಎನ್ನುವುದರಲ್ಲಿ. ರೀಲ್ ಇಲ್ಲದ ಟೆಂಕಾರಾ ಕೋಲು, ರೀಲ್ ಇರುವ 4 ನಂಬರಿನ (ನಂಬರು ಹೆಚ್ಚಿದಷ್ಟೂ ಲೈನು ಭಾರ) ಫ್ಲೈ ರಾಡ್, ಗುಂಡಿ ಒತ್ತಿ ಎಸೆಯುವ ಸ್ಪಿನ್‌ಕಾಸ್ಟ್ ರೀಲಿನ ಜೊತೆ ನೀರು ತುಂಬುವ ಪ್ಲಾಸ್ಟಿಕ್ ಬೆಂಡು. ಒಂದೇ ಕೆರೆ, ಒಂದೇ ದಂಡೆ, ಒಂದೇ ಫ್ಲೈ ಇಟ್ಟುಕೊಂಡು ಮೂರನ್ನೂ ಮಕ್ಕಳ ಕೈಗೆ ಕೊಟ್ಟು ನೋಡಿದ ಮೇಲೆ ಬರೆದದ್ದು ಇದು. ಒಂಬತ್ತು ವರ್ಷದೊಳಗಿನವರಿಗೆ ಟೆಂಕಾರಾ, ಅದರಲ್ಲಿ ಅನುಮಾನವಿಲ್ಲ. ಕಾರಣಗಳನ್ನು ಮುಂದೆ ಓದಿ.

ಟೆಂಕಾರಾ ಜಪಾನಿನ ಬೆಟ್ಟದ ತೊರೆಗಳ ಕೋಲು. ಒಂದರೊಳಗೊಂದು ಸೇರುವ ಕೊಳವೆಗಳು, ತುದಿಗೆ ಲಿಲಿಯನ್ ಎನ್ನುವ ಸಣ್ಣ ಹೆಣೆದ ದಾರ, ಅದಕ್ಕೆ ಕಟ್ಟಿದ ಲೈನು, ಅಷ್ಟೇ. ಮಲೆನಾಡಿನ ಹಳ್ಳದಲ್ಲಿ ಬಿದಿರುಕೋಲಿಗೆ ದಾರ ಕಟ್ಟಿ ಗಾಳ ಹಾಕಿದವರಿಗೆ ಇದು ಹೊಸದೆನಿಸದು. ಆದರೆ ಅಲ್ಲಿ ಗಾಳವನ್ನು ಒಯ್ಯುವುದು ಸೀಸದ ಗುಂಡಿನ ಭಾರ. ಇಲ್ಲಿ ಫ್ಲೈಗೆ ತೂಕವೇ ಇಲ್ಲ. ಕೊಕ್ಕೆಗೆ ಸುತ್ತಿದ ನೂಲು, ಗರಿ, ಫೋಮ್ ಮಾತ್ರ. ಹಾಗಾಗಿ ಲೈನಿನ ತೂಕವೇ ಅದನ್ನು ಒಯ್ಯಬೇಕು. ಈ ಒಂದು ಮಾತು ಮಗುವಿಗೆ ಅರ್ಥವಾದರೆ ಎಸೆತ ಅರ್ಧ ಬಂದ ಹಾಗೆ.

ಲೆಕ್ಕ ಹೀಗಿರಲಿ: 11 ಅಡಿಯ ಕೋಲಿಗೆ 8 ಅಡಿ ಲೈನು, ಅದರ ತುದಿಗೆ ಫ್ಲೈ ಕಟ್ಟುವ ತೆಳು ದಾರ, ಟಿಪ್ಪೆಟ್, 3 ಅಡಿ. ಎರಡೂ ಸೇರಿ ಕೋಲಿನಷ್ಟೇ ಉದ್ದ. ಆಗ ಕೋಲು ಎತ್ತಿದರೆ ಮೀನು ನೇರವಾಗಿ ಕೈಗೆ ಬರುತ್ತದೆ. ಲೈನು ಇನ್ನೂ ಮೂರು ಅಡಿ ಉದ್ದವಾದರೆ ಮೀನು ದೂರದಲ್ಲೇ ತೂಗಾಡುತ್ತದೆ, ಮಗು ಅದನ್ನು ಹಿಡಿಯಲು ಹಿಂದೆ ಹಿಂದೆ ನಡೆಯುತ್ತದೆ, ಕೋಲಿನ ತುದಿ ಮರಕ್ಕೆ ಬಡಿಯುತ್ತದೆ. ಲೈನು 4ನೇ ನಂಬರಿನ (ಇಲ್ಲಿ ನಂಬರು ದಪ್ಪದ್ದು) ಫ್ಲೋರೋಕಾರ್ಬನ್ ಎನ್ನುವ ಪ್ಲಾಸ್ಟಿಕ್ ದಾರವಾಗಿದ್ದರೆ ಗಾಳಿಯಲ್ಲೂ ಮಾತು ಕೇಳುತ್ತದೆ. ಟಿಪ್ಪೆಟ್ 5ಎಕ್ಸ್‌ಗಿಂತ ದಪ್ಪ ಬೇಡ (ಎಕ್ಸ್ ಮುಂದಿನ ಅಂಕಿ ಹೆಚ್ಚಿದಷ್ಟೂ ದಾರ ತೆಳು). ಬಾಸ್ ಎನ್ನುವ ದೊಡ್ಡ ಮೀನು ಕಚ್ಚಿದಾಗಲೋ ಗಿಡಕ್ಕೆ ಸಿಕ್ಕಿಕೊಂಡಾಗಲೋ ಮೊದಲು ಟಿಪ್ಪೆಟ್ ತುಂಡಾಗಬೇಕು, ಕೋಲಲ್ಲ.

ಎಸೆತಕ್ಕೆ ತೋರುಬೆರಳನ್ನು ಹಿಡಿಕೆಯ ಮೇಲೆ ನೇರವಾಗಿ ಇಡಿಸಿ. ಕೋಲನ್ನು ಗಡಿಯಾರದ 12ಕ್ಕೆ ಎತ್ತಿ ನಿಲ್ಲಿಸುವುದು, ಲೈನು ಹಿಂದೆ ಬಿಚ್ಚಿಕೊಳ್ಳುವಷ್ಟು ಹೊತ್ತು ತಡೆಯುವುದು, 10ಕ್ಕೆ ತಂದು ಮತ್ತೆ ನಿಲ್ಲಿಸುವುದು. ತಪ್ಪಾಗುವುದು ಯಾವಾಗಲೂ ಒಂದೇ ಕಡೆ. ಮಗು ಕೋಲನ್ನು 2ರವರೆಗೆ ಹಿಂದಕ್ಕೆ ಬಿಡುತ್ತದೆ, ಫ್ಲೈ ಹುಲ್ಲಿಗೆ ಕಚ್ಚಿಕೊಳ್ಳುತ್ತದೆ. ಬೆನ್ನ ಹಿಂದೆ ಗೋಡೆ ಇದೆ ಎಂದುಕೊ ಎಂದರೆ ಬಹುಪಾಲು ಮಕ್ಕಳು ತಿದ್ದಿಕೊಳ್ಳುತ್ತಾರೆ. ಅರ್ಧ ಗಂಟೆಯಲ್ಲಿ ಮೀನಿರುವ ಕಡೆ ಫ್ಲೈ ಬೀಳತೊಡಗುತ್ತದೆ.

ಕೋಲು ಮುರಿಯುವುದು ಹೆಚ್ಚಾಗಿ ಮೀನಿನಿಂದಲ್ಲ, ಬಿಚ್ಚುವಾಗ ಮತ್ತು ಮಡಚುವಾಗ. ಬಿಚ್ಚುವುದು ತುದಿಯ ತೆಳುಕೊಳವೆಯಿಂದ ಶುರು, ಮಡಚುವುದು ಹಿಡಿಕೆಯ ಬಳಿಯ ದಪ್ಪಕೊಳವೆಯಿಂದ ಶುರು. ಈ ಕೆಲಸವನ್ನು ದೊಡ್ಡವರೇ ಮಾಡಿ. ಕೊಂಬೆಗೆ ಫ್ಲೈ ಸಿಕ್ಕಿಕೊಂಡರೆ ಕೋಲಿನಿಂದ ಜಗ್ಗಬಾರದು, ಲೈನನ್ನೇ ಕೈಯಲ್ಲಿ ಹಿಡಿದು ಎಳೆಯಬೇಕು.

ಇನ್ನು ಫ್ಲೈ ರಾಡ್. 8 ಅಡಿ ಉದ್ದ, 4 ನಂಬರು, ಅದಕ್ಕೆ 5 ನಂಬರಿನ ತೇಲುವ ಲೈನು. ಒಂದು ನಂಬರು ಹೆಚ್ಚಿನ ಲೈನು ಯಾಕೆಂದರೆ ಮಕ್ಕಳು ಎಸೆಯುವುದು 20-25 ಅಡಿ ಮಾತ್ರ. ಅಷ್ಟು ಕಡಿಮೆ ಲೈನು ಹೊರಗಿದ್ದಾಗ ರಾಡ್ ಬಾಗಬೇಕಾದರೆ ಲೈನಿಗೆ ತೂಕ ಬೇಕು. ಲೈನಿಗೂ ಫ್ಲೈಗೂ ನಡುವಿನ ತೆಳು ದಾರ, ಲೀಡರ್, ಏಳೂವರೆ ಅಡಿ, 4ಎಕ್ಸ್, ತುದಿಯಲ್ಲಿ 0.18 ಮಿ.ಮೀ. ದಪ್ಪ. ಇಷ್ಟು ತೆಳುವು ಸಾಕೇ ಎಂದು ಕೇಳುವವರಿಗೆ: ಬ್ಲೂಗಿಲ್‌ನ ವಿಶ್ವದಾಖಲೆಯೇ 1950ರಲ್ಲಿ ಅಲಬಾಮಾದ ಕೆಟೋನಾ ಕೆರೆಯಲ್ಲಿ ಸಿಕ್ಕ 4 ಪೌಂಡ್ 12 ಔನ್ಸಿನ ಮೀನು. ಮಕ್ಕಳ ಕೈಗೆ ಬರುವುದು ಅಂಗೈಯಗಲದವು.

ಇದರಲ್ಲಿ ಕಷ್ಟ ಎಡಗೈಯದು. ಬಲಗೈ ಎಸೆಯಬೇಕು, ಎಡಗೈ ಸಡಿಲ ಲೈನನ್ನು ಎಳೆದುಕೊಳ್ಳುತ್ತಿರಬೇಕು. ಏಳೆಂಟು ವರ್ಷದ ಮಗು ಇವೆರಡರಲ್ಲಿ ಒಂದನ್ನು ಮರೆಯುತ್ತದೆ. ಮೀನು ಕಚ್ಚುತ್ತದೆ, ಮಗು ರಾಡ್ ಎತ್ತುತ್ತದೆ, ಕಾಲಬಳಿ ಬಿದ್ದಿದ್ದ ಲೈನು ಸರ್ರನೆ ಮೇಲೇರುತ್ತದೆ, ಮೀನು ಉಗುಳಿ ಹೋಗಿರುತ್ತದೆ. ಪರಿಹಾರ: ಫ್ಲೈ ನೀರಿಗೆ ಬಿದ್ದ ಕೂಡಲೇ ಲೈನನ್ನು ಬಲಗೈ ತೋರುಬೆರಳಿನ ಕೆಳಗೆ ಒತ್ತಿ ಹಿಡಿಸುವುದು. ಮೊದಲು ಹುಲ್ಲುಹಾಸಿನ ಮೇಲೆ, ಕೊಕ್ಕೆಯ ಬದಲು ಉಲ್ಲನ್ ತುಣುಕು ಕಟ್ಟಿ ರೂಢಿ ಮಾಡಿಸಬೇಕು. ಹತ್ತು ದಾಟಿದ ಮಗುವಿಗೆ ಇದೇ ಮೇಲು. ಟೆಂಕಾರಾ ಮುಟ್ಟದ ಜೊಂಡಿನ ಅಂಚು ಇದಕ್ಕೆ ಸಿಗುತ್ತದೆ.

ಗುಂಡಿ ರೀಲಿಗೆ ಹೆಚ್ಚು ಮಾತು ಬೇಡ. ಬೆಂಡಿಗೆ ಅರ್ಧ ನೀರು ತುಂಬಿ, ಅದರ ಹಿಂದೆ 4 ಅಡಿ ದಾರಕ್ಕೆ ಫ್ಲೈ ಕಟ್ಟಿದರೆ ಎದುರುಗಾಳಿಯಲ್ಲೂ ದೂರ ಹೋಗುತ್ತದೆ, ಐದು ವರ್ಷದವರೂ ಎಸೆಯುತ್ತಾರೆ. ಆದರೆ ಬೆಂಡು ದಡ್ಡನೆ ಬಿದ್ದು ತೆಳುನೀರಿನ ಮೀನು ಚದುರುತ್ತದೆ. ಮಗು ನೋಡುವುದು ಬೆಂಡನ್ನು, ಫ್ಲೈಯನ್ನಲ್ಲ. ಕಚ್ಚಿದ್ದು ತಡವಾಗಿ ತಿಳಿಯುವಷ್ಟರಲ್ಲಿ ಕೊಕ್ಕೆ ಗಂಟಲಿಗಿಳಿದಿರುತ್ತದೆ.

ನೋಡುವುದರಲ್ಲೇ ಇದರ ಸುಖವೆಲ್ಲ ಇದೆ. ಹಾಗಾಗಿ ಫ್ಲೈಗಳಲ್ಲಿ ನಮ್ಮ ಮೊದಲ ಆಯ್ಕೆ ತೇಲುವ ಫೋಮ್ ಜೇಡ, 10ನೇ ನಂಬರಿನ ಕೊಕ್ಕೆ (ನಂಬರು ಹೆಚ್ಚಿದಷ್ಟೂ ಕೊಕ್ಕೆ ಚಿಕ್ಕದು), ಹಳದಿ ಅಥವಾ ಕಪ್ಪು ಮೈ, ರಬ್ಬರ್ ಕಾಲು. ನೀರಿಗೆ ಬಿದ್ದ ಮೇಲೆ ಉಂಗುರಗಳೆಲ್ಲ ಅಡಗುವವರೆಗೆ ಮುಟ್ಟಕೂಡದು. ಹತ್ತು ಎಣಿಸಿ, ಒಂದು ಅಂಗುಲ ಅಲ್ಲಾಡಿಸಿ, ಮತ್ತೆ ಸುಮ್ಮನಿರಬೇಕು. ಆಗ ಕೆಳಗಿನ ಹಸಿರುಗತ್ತಲೆಯಿಂದ ಒಂದು ತಟ್ಟೆಯಂಥ ಮೈ ಮೇಲೇರುತ್ತದೆ. ಫ್ಲೈಯ ಗೇಣುದ್ದ ಕೆಳಗೆ ನಿಲ್ಲುತ್ತದೆ. ಎದೆಯ ರೆಕ್ಕೆಗಳು ಬೀಸಣಿಗೆಯ ಹಾಗೆ ಆಡುತ್ತಿರುತ್ತವೆ, ಕಿವಿರಿನ ಅಂಚಿನ ಕಪ್ಪು ಚುಕ್ಕೆ ಕಾಣುತ್ತದೆ. ಮೂತಿ ಎತ್ತಿ ನೋಡುತ್ತದೆ. ಆಮೇಲೆ ಮುತ್ತು ಕೊಟ್ಟಂಥ ಒಂದು ಚಿಕ್ಕ ಸದ್ದು, ಫ್ಲೈ ಇಲ್ಲ. ಕೋಲನ್ನು ಒಂದು ಗೇಣು ಎತ್ತಿದರೆ ಸಾಕು. ಜೋರಾಗಿ ಜಗ್ಗಿದರೆ ಮೀನು ತಲೆಯ ಮೇಲಿಂದ ಹಾರಿ ಹಿಂದಿನ ಪೊದೆಗೆ ಬೀಳುತ್ತದೆ.

ಪಾಪ್ಪರ್ ಎನ್ನುವ ಗಟ್ಟಿಮೈಯ ಫ್ಲೈ ಸದ್ದು ಮಾಡುತ್ತದೆ, ಮಕ್ಕಳಿಗೆ ಬಲು ಇಷ್ಟ. ಆದರೆ ಅಂಗೈಯಗಲದ ಬ್ಲೂಗಿಲ್‌ನ ಬಾಯಿ ಕಿರುಬೆರಳು ತೂರುವಷ್ಟೇ. 6, 8ನೇ ನಂಬರಿನ ಪಾಪ್ಪರಿಗೆ ಹತ್ತಾರು ಸಲ ಬಡಿಯುತ್ತದೆ, ಕೊಕ್ಕೆ ನಾಟುವುದಿಲ್ಲ. 10ನೇ ನಂಬರಿನದು ಸಿಕ್ಕರೆ ಮಾತ್ರ ಕೊಳ್ಳಿ. ಮಟಮಟ ಮಧ್ಯಾಹ್ನ ಮೇಲೆ ಯಾವುದೂ ಬಾರದಿದ್ದಾಗ ನೀರೊಳಗಿನ ಮರಿಹುಳುವಿನಂಥ, ಮುಳುಗುವ ಹೇರ್ಸ್ ಇಯರ್ ನಿಂಫ್ ಎನ್ನುವ ಫ್ಲೈ, 12ನೇ ನಂಬರು, ಇವೆರಡನ್ನೂ ಸೋಲಿಸುತ್ತದೆ. ದೊಡ್ಡ ಮೀನು ಆಳದಲ್ಲಿರುವುದೂ ಹೆಚ್ಚು. ಜೇಡದ ಕೊಕ್ಕೆಗೆ ಒಂದೂವರೆ ಅಡಿ ಟಿಪ್ಪೆಟ್ ಕಟ್ಟಿ ಅದರ ತುದಿಗೆ ನಿಂಫ್ ಇಳಿಬಿಟ್ಟರೆ ಜೇಡವೇ ಬೆಂಡಾಗುತ್ತದೆ. ಸಿಕ್ಕು ಬೀಳುವುದು ಹೆಚ್ಚು, ಹೊಸಬರಿಗೆ ಬೇಡ.

ಮರಿಮೀನುಗಳು ರಬ್ಬರ್ ಕಾಲನ್ನಷ್ಟೇ ಕಚ್ಚಿ ಎಳೆಯುತ್ತಿದ್ದರೆ ಕಾಲನ್ನು ಒಂದು ಸೆಂಟಿಮೀಟರಿಗೆ ಕತ್ತರಿಸಿ. ಫೋಮ್ ಕೊಕ್ಕೆಯ ಮೇಲೆ ಗಿರ್ರನೆ ತಿರುಗತೊಡಗಿದರೆ ಬುಡಕ್ಕೆ ಒಂದು ಹನಿ ಸೂಪರ್ ಗ್ಲೂ. ಬಾರ್ಬ್ ಎನ್ನುವ ಹಿಮ್ಮುಳ್ಳನ್ನು ಮನೆಯಲ್ಲೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ ಹೊರಡಬೇಕು. ಟೋಪಿ, ಕನ್ನಡಕ ಇಲ್ಲದ ಮಗುವಿನ ಕೈಗೆ ಕೋಲು ಕೊಡಬಾರದು. ಇಲಿನಾಯ್, ಓಹಾಯೊಗಳಲ್ಲಿ 16ರೊಳಗಿನವರಿಗೆ ಲೈಸೆನ್ಸ್ ಬೇಕಿಲ್ಲ. ತೋರಿಸಿಕೊಡುತ್ತೇನೆಂದು ಎಸೆಯುವ ಅಪ್ಪ ಅಮ್ಮನಿಗೆ ಬೇಕು.

ಒಳ್ಳೆಯ ಕಾಲ ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ಮೇ ಕೊನೆ, ಜೂನ್. ಗಂಡುಮೀನುಗಳು ದಂಡೆಯ ತೆಳುನೀರಿನಲ್ಲಿ ಬಾಲದಿಂದ ಗುಡಿಸಿ ಊಟದ ತಟ್ಟೆಗಿಂತ ಸ್ವಲ್ಪ ಅಗಲದ ಗೂಡು ಮಾಡಿ ಮೊಟ್ಟೆ ಕಾಯುತ್ತವೆ. ಹತ್ತಾರು ಗೂಡು ಒತ್ತೊತ್ತಾಗಿ ಕಾಣುತ್ತವೆ. ಆಗ ಟೆಂಕಾರಾದ ಮೋಟು ಲೈನೇ ಸಾಕು. ಕಾವಲಿನ ಗಂಡು ದೂರವಾದರೆ ಉಳಿದ ಮೀನುಗಳು ಮೊಟ್ಟೆ ತಿನ್ನುತ್ತವೆ, ಆದ್ದರಿಂದ ಹಿಡಿದದ್ದನ್ನು ಅಲ್ಲೇ, ಬೇಗ ಬಿಡಬೇಕು. ಬಕೆಟ್ಟಿನಲ್ಲಿ ಇನ್ನೊಂದು ಕೆರೆಗೆ ಒಯ್ಯುವುದಂತೂ ಕೂಡದು. 1960ರಲ್ಲಿ ಷಿಕಾಗೋದಿಂದ ಜಪಾನಿನ ಯುವರಾಜ ಅಕಿಹಿಟೊಗೆ ಉಡುಗೊರೆಯಾಗಿ ಹೋದ ಬ್ಲೂಗಿಲ್ ಅಲ್ಲಿನ ಕೆರೆಗಳಿಗೆ ಹರಡಿ ಊರ ಮೀನುಗಳಿಗೆ ಕಂಟಕವಾಯಿತು. 2007ರಲ್ಲಿ ಅವರೇ ಅದಕ್ಕೆ ನೋವು ತೋಡಿಕೊಂಡರು.

ಬಿಡಿಸುವಾಗ ಮಗುವಿನ ಕೈ ಒದ್ದೆಯಾಗಿರಲಿ, ಒಣಕೈಗೆ ಮೀನಿನ ಲೋಳೆ ಕಿತ್ತು ಬರುತ್ತದೆ. ಬೆನ್ನರೆಕ್ಕೆಯಲ್ಲಿ ಹತ್ತು ಮುಳ್ಳುಗಳಿವೆ. ತಲೆಯ ಕಡೆಯಿಂದ ಬಾಲದ ಕಡೆಗೆ ಕೈ ಸವರಿ ಅವನ್ನು ಮಲಗಿಸಿ ಹಿಡಿದರೆ ಚುಚ್ಚುವುದಿಲ್ಲ. ಕೊಕ್ಕೆ ಕಂಡರೆ ಫೋರ್ಸೆಪ್ಸ್‌ನಿಂದ ಬಂದ ದಾರಿಯಲ್ಲೇ ಹಿಂದಕ್ಕೆ ತಳ್ಳಿ. ಗಂಟಲೊಳಗೆ ಇಳಿದು ಕಾಣದಿದ್ದರೆ ಕೆದಕಬೇಡಿ, ಬಾಯಿಯ ಹತ್ತಿರವೇ ಟಿಪ್ಪೆಟ್ ಕತ್ತರಿಸಿ ನೀರಿಗೆ ಬಿಡಿ.